ಉಕ್ಕಿನ ಹದ

ಕನ್ನಡದಲ್ಲಿ 'ಹದ' ಎಂಬುದು ಎರಡೇ ಅಕ್ಷರಗಳ ಮಾತು. ಆದರೆ ಅದು ಹೊತ್ತಿರುವ ಅರ್ಥ ಬಹಳ ದೊಡ್ಡದು. ಮಳೆ ಬಿದ್ದು ನಾಲ್ಕು ದಿನಗಳಾದ ಮೇಲೆ ಎರೆಭೂಮಿ ಬಿತ್ತನೆಗೆ ಹದವಾಯಿತೆಂದು ಒಕ್ಕಲಿಗನು ಹೇಳುತ್ತಾನೆ. ಆಲೆಮನೆಯಲ್ಲಿ ಕುದಿಯುತ್ತಿರುವ ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬಂದುದನ್ನು ನೋಡಿ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುತ್ತಾರೆ. ಅಂತೆಯೇ ಕಮ್ಮಾರನು ಕುಡುಗೋಲಿಗೂ ಕೊಡಲಿಗೂ ಹದ ಹಾಕುತ್ತಾನೆ. ಈ ಮೂರು ಕಡೆಗಳಲ್ಲಿಯೂ ಹದವೆಂದರೆ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ, ಮಾಡುವ ಕೆಲಸಕ್ಕೆ ತಕ್ಕ ಸ್ಥಿತಿ. ಹದ ತಪ್ಪಿದ ಹೊಲದಲ್ಲಿ ಬೀಜ ಮೊಳೆಯದು. ಹದ ತಪ್ಪಿದ ಪಾಕ ಬೆಲ್ಲವಾಗದು. ಹದ ತಪ್ಪಿದ ಉಕ್ಕು ಕೆಲಸದ ನಡುವೆ ಮುರಿದು ಬೀಳುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಕಬ್ಬಿಗೆ ಹೆಸರಾದುದು. ಕೃಷ್ಣೆ ಮತ್ತು ಘಟಪ್ರಭೆಯರ ನೀರುಂಡ ಈ ನೆಲದಲ್ಲಿಯೇ ಸಮೀರವಾಡಿ ಇದೆ. ಗೋದಾವರಿ ಸಕ್ಕರೆ ಕಾರ್ಖಾನೆಯಿಂದ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಅರೆಯುವ ಹಂಗಾಮು ಬಂದಿತೆಂದರೆ ಕಬ್ಬು ಹೇರಿದ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟಿ ಕಾರ್ಖಾನೆಯತ್ತ ಸಾಗುವುದು ಈ ಭಾಗದ ಮಕ್ಕಳಿಗೆಲ್ಲ ಕಂಡ ನೋಟವೇ ಆಗಿದೆ. ಆದರೆ ಸಕ್ಕರೆಯಂತಹ ಸಿಹಿ ಪದಾರ್ಥದ ಹಿಂದೆ ಎಷ್ಟೊಂದು ಉಕ್ಕು ದುಡಿಯುತ್ತಿದೆಯೆಂಬುದನ್ನು ಗಮನಿಸಿದವರು ಕಡಿಮೆ.

ಸಕ್ಕರೆ ಕಾರ್ಖಾನೆಯೊಳಗೆ ಹೋದ ಕಬ್ಬನ್ನು ಮೊದಲು ತಿರುಗುವ ಕತ್ತಿಗಳು ತುಂಡರಿಸುತ್ತವೆ. ಬಳಿಕ ಅತಿವೇಗವಾಗಿ ಸುತ್ತುವ ದಿಂಡಿಗೆ ತೂಗುಹಾಕಿದ ಉಕ್ಕಿನ ಸುತ್ತಿಗೆಗಳು ಆ ತುಂಡುಗಳನ್ನು ಹೊಡೆದು ನಾರುನಾರಾಗಿಸುತ್ತವೆ. ಅನಂತರ ಭಾರವಾದ ಉರುಳೆಗಳು ಅದನ್ನು ಹಿಂಡಿ ರಸ ತೆಗೆಯುತ್ತವೆ. ಈ ಕತ್ತಿ, ಸುತ್ತಿಗೆ, ಉರುಳೆಯ ದಿಂಡು, ಹಲ್ಲುಗಾಲಿ, ಸರಪಳಿಗಳೆಲ್ಲವೂ ಹಗಲಿರುಳೆನ್ನದೆ ತಿಂಗಳುಗಟ್ಟಲೆ ದುಡಿಯಬೇಕು. ಕಬ್ಬಿನೊಡನೆ ಒಂದು ಕಲ್ಲೋ ಗಾಡಿಯಿಂದ ಕಳಚಿದ ಕಬ್ಬಿಣದ ತುಂಡೋ ಒಳಗೆ ಬಂದರೆ ಸುತ್ತಿಗೆಯ ಮೇಲೆ ಒಮ್ಮೆಲೇ ದೊಡ್ಡ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಸುತ್ತಿಗೆ ಸ್ವಲ್ಪ ಜಜ್ಜಿಹೋದರೆ ಚಿಂತೆಯಿಲ್ಲ. ಸಿಡಿದು ಚೂರಾದರೆ ಆ ಚೂರು ಪಕ್ಕದ ಸುತ್ತಿಗೆಗಳನ್ನೂ ಕೆಡಿಸುತ್ತದೆ, ಕೆಲಸಗಾರನ ಜೀವಕ್ಕೂ ಅಪಾಯ ತರಬಹುದು. ಯಂತ್ರ ನಿಂತರೆ ಹೊರಗೆ ಕಬ್ಬಿನ ಗಾಡಿಗಳು ನಿಲ್ಲುತ್ತವೆ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತ, ತನ್ನ ತೂಕವನ್ನೂ ಸಕ್ಕರೆಯ ಅಂಶವನ್ನೂ ಗಂಟೆಗಂಟೆಗೆ ಕಳೆದುಕೊಳ್ಳುತ್ತದೆ. ಹೀಗೆ ಒಂದು ಉಕ್ಕಿನ ತುಂಡಿನ ಗುಣಕ್ಕೂ ಒಬ್ಬ ರೈತನ ವರ್ಷದ ದುಡಿಮೆಗೂ ನೇರವಾದ ಸಂಬಂಧವಿದೆ.

ಗಟ್ಟಿ ವಸ್ತುವೆಲ್ಲ ಪೆಟ್ಟನ್ನು ತಾಳುತ್ತದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಸರಿಯಲ್ಲ. ಗಾಜು ತಾಮ್ರಕ್ಕಿಂತ ಗಡಸು. ಗಾಜಿನ ಚೂರು ತಾಮ್ರದ ಮೇಲೆ ಗೀರು ಎಳೆಯಬಲ್ಲದು. ಆದರೆ ಎರಡನ್ನೂ ಎತ್ತರದಿಂದ ಕಲ್ಲಿನ ಮೇಲೆ ಹಾಕಿದರೆ ಗಾಜು ಒಡೆಯುತ್ತದೆ, ತಾಮ್ರ ನೆಗ್ಗುತ್ತದೆ. ಗೀರನ್ನೂ ಸವೆತವನ್ನೂ ಎದುರಿಸುವ ಗುಣಕ್ಕೆ ಗಡಸುತನವೆಂದು ಹೆಸರು. ಮುರಿಯುವ ಮುನ್ನ ಪೆಟ್ಟಿನ ಶಕ್ತಿಯನ್ನು ತನ್ನೊಳಗೆ ಹೀರಿಕೊಳ್ಳುವ ಗುಣಕ್ಕೆ ತಾಳಿಕೆ ಎನ್ನೋಣ. ಉಕ್ಕಿನಲ್ಲಿ ಈ ಎರಡು ಗುಣಗಳು ತಕ್ಕಡಿಯ ಎರಡು ತಟ್ಟೆಗಳಂತೆ. ಒಂದು ಮೇಲೇರಿದರೆ ಮತ್ತೊಂದು ಕೆಳಗಿಳಿಯುವುದೇ ಹೆಚ್ಚು. ಎರಡನ್ನೂ ಬೇಕಾದಷ್ಟು ಅಳತೆಯಲ್ಲಿ ಹೊಂದಿಸುವುದೇ ಹದ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ದಕ್ಷಿಣ ಭಾರತದ ಮೂಸೆ ಉಕ್ಕು ಒಂದು ಕಾಲದಲ್ಲಿ ದೂರದೇಶಗಳಲ್ಲಿ ಖ್ಯಾತಿ ಪಡೆದಿತ್ತು. ಯುರೋಪಿನವರು ಅದನ್ನು 'ವೂಟ್ಸ್' ಎಂದು ಕರೆದರು. ಈ ಹೆಸರು ಕನ್ನಡದ 'ಉಕ್ಕು' ಎಂಬ ಪದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ೧೮೦೦-೧೮೦೧ ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ವರ್ಣಿಸಿದ್ದಾನೆ. ಮುಂದೆ ೧೯೨೩ ರಲ್ಲಿ ಭದ್ರಾವತಿಯ ಕಾರ್ಖಾನೆಯು ಕಬ್ಬಿಣದ ಉತ್ಪಾದನೆಯನ್ನು ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಆ ಕಾರ್ಖಾನೆ ಕಾಲಕ್ರಮದಲ್ಲಿ ಮಿಶ್ರಲೋಹದ ಉಕ್ಕುಗಳಿಗೆ ಹೆಸರಾಯಿತು.

ಉಕ್ಕಿಗೆ ಹದ ಬರಿಸುವ ಕ್ರಮಕ್ಕೆ ಉಷ್ಣಸಂಸ್ಕಾರವೆಂದು ಹೆಸರು. ನೂರು ಭಾಗದಲ್ಲಿ ಸುಮಾರು ೦.೪ ಭಾಗ ಇಂಗಾಲವಿರುವ ಉಕ್ಕನ್ನು ೮೫೦ ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾಯಿಸಿ, ಆ ಕಾವು ಒಳಗಿನವರೆಗೂ ಇಳಿಯುವಷ್ಟು ಹೊತ್ತು ಇರಿಸಿ, ಎಣ್ಣೆಯಲ್ಲಾಗಲಿ ನೀರಿನಲ್ಲಾಗಲಿ ತಟ್ಟನೆ ಅದ್ದುತ್ತಾರೆ. ಆಗ ಉಕ್ಕಿನ ಒಳರಚನೆ ಮಾರ್ಪಟ್ಟು 'ಮಾರ್ಟೆನ್‌ಸೈಟ್' ಎಂಬ ರೂಪ ತಾಳುತ್ತದೆ. ಅದು ಅತ್ಯಂತ ಗಡಸು. ಆದರೆ ಗಾಜಿನಂತೆ ಬಿರುಸು. ಆದುದರಿಂದ ಅದನ್ನು ಮತ್ತೊಮ್ಮೆ, ಈ ಬಾರಿ ಕಡಿಮೆ ಕಾವಿನಲ್ಲಿ, ಕಾಯಿಸಬೇಕು. ಯಂತ್ರದ ದಿಂಡುಗಳಂತಹ ಭಾಗಗಳಿಗೆ ಈ ಎರಡನೆಯ ಕಾವು ಸಾಮಾನ್ಯವಾಗಿ ೫೫೦ ರಿಂದ ೬೫೦ ಡಿಗ್ರಿಗಳಷ್ಟಿರುತ್ತದೆ. ಇದರಿಂದ ಗಡಸುತನ ಸ್ವಲ್ಪ ತಗ್ಗುತ್ತದೆ, ತಾಳಿಕೆ ಹೆಚ್ಚುತ್ತದೆ. ಹಳ್ಳಿಯ ಕಮ್ಮಾರನು ಮಾಡುವುದೂ ಇದನ್ನೇ. ಅವನ ಬಳಿ ಉಷ್ಣಮಾಪಕವಿಲ್ಲ. ಉಜ್ಜಿ ಹೊಳಪು ಮಾಡಿದ ಅಲಗಿನ ಮೇಲೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಒಂದಾದ ಮೇಲೊಂದು ಮೂಡುವುದನ್ನು ನೋಡಿ ಅವನು ಕಾವನ್ನು ತಿಳಿಯುತ್ತಾನೆ. ಹಳದಿ ಮೂಡುವುದು ಸುಮಾರು ೨೩೦ ಡಿಗ್ರಿಯಲ್ಲಿ; ನೀಲಿ ಮೂಡುವುದು ಸುಮಾರು ೩೦೦ ಡಿಗ್ರಿಯಲ್ಲಿ.

ಹೀಗೆ ಹದ ಹಾಕಿದ ಉಕ್ಕಿಗೆ ತಾಳಿಕೆ ಬಂದಿದೆಯೇ ಇಲ್ಲವೇ ಎಂಬುದನ್ನು ಅಳೆಯುವ ಬಗೆ ಹೇಗೆ? ಫ್ರಾನ್ಸ್ ದೇಶದ ಜಾರ್ಜ್ ಶಾರ್ಪಿ ಎಂಬ ವಿಜ್ಞಾನಿ ೧೯೦೧ ರಲ್ಲಿ ಇದಕ್ಕೊಂದು ಕ್ರಮಬದ್ಧವಾದ ವಿಧಾನವನ್ನು ವಿವರಿಸಿದನು. ನಮ್ಮ ಕಾರ್ಖಾನೆಗಳಲ್ಲಿ ಇದನ್ನು 'ಚಾರ್ಪಿ ಪರೀಕ್ಷೆ' ಎನ್ನುವುದು ರೂಢಿ. ಉಕ್ಕಿನಿಂದ ೫೫ ಮಿಲಿಮೀಟರ್ ಉದ್ದ, ೧೦ ಮಿಲಿಮೀಟರ್ ಅಗಲ, ೧೦ ಮಿಲಿಮೀಟರ್ ದಪ್ಪದ ಒಂದು ತುಂಡನ್ನು ಕತ್ತರಿಸಿ, ಅದರ ನಡುವೆ ೨ ಮಿಲಿಮೀಟರ್ ಆಳದ, ೪೫ ಡಿಗ್ರಿ ಕೋನದ ಒಂದು ಕಚ್ಚನ್ನು ಕೊರೆಯುತ್ತಾರೆ. ಈ ತುಂಡನ್ನು ಎರಡು ಆಧಾರಗಳ ಮೇಲಿರಿಸಿ, ಮೇಲಿನಿಂದ ಜೋಲಿ ಬರುವ ಲೋಲಕದ ಸುತ್ತಿಗೆಯಿಂದ ಕಚ್ಚಿನ ಹಿಂಬದಿಗೆ ಹೊಡೆಯುತ್ತಾರೆ. ತುಂಡು ಮುರಿಯುತ್ತದೆ, ಸುತ್ತಿಗೆ ಆಚೆಯ ಬದಿಗೆ ಏರುತ್ತದೆ. ಎಷ್ಟು ಕಡಿಮೆ ಏರಿತೋ ಅಷ್ಟು ಶಕ್ತಿಯನ್ನು ಉಕ್ಕು ನುಂಗಿತೆಂದು ಅರ್ಥ.

ನೀವು ಕಲಿತಿರುವ ಸ್ಥಿತಿಶಕ್ತಿಯ ಸೂತ್ರವೇ ಇಲ್ಲಿ ಸಾಕು. ಸುತ್ತಿಗೆಯ ದ್ರವ್ಯರಾಶಿ ೨೦ ಕಿಲೋಗ್ರಾಂ, ಅದು ಬೀಳುವ ಎತ್ತರ ೧.೫ ಮೀಟರ್ ಎಂದಿಟ್ಟುಕೊಳ್ಳೋಣ. ಮೊದಲಿನ ಶಕ್ತಿ ೨೦ × ೯.೮ × ೧.೫ = ೨೯೪ ಜೂಲ್. ತುಂಡನ್ನು ಮುರಿದ ಮೇಲೆ ಸುತ್ತಿಗೆ ೧.೨ ಮೀಟರಿನಷ್ಟೇ ಮೇಲೇರಿದರೆ ಉಳಿದ ಶಕ್ತಿ ೨೦ × ೯.೮ × ೧.೨ = ೨೩೫.೨ ಜೂಲ್. ಇವೆರಡರ ವ್ಯತ್ಯಾಸವಾದ ೫೮.೮ ಜೂಲ್ ಶಕ್ತಿಯೇ ಆ ತುಂಡಿನ ತಾಳಿಕೆಯ ಅಳತೆ. ಪರೀಕ್ಷೆ ಇಷ್ಟು ಸರಳವಾದುದು.

ಆದರೆ ನಿಜವಾದ ತೊಡಕು ಆರಂಭವಾಗುವುದು ಇಲ್ಲಿಂದಲೇ. ಒಂದೇ ಉಕ್ಕಿನಿಂದ ತೆಗೆದು, ಒಂದೇ ಕುಲುಮೆಯಲ್ಲಿ ಹದ ಹಾಕಿ, ಒಂದೇ ಯಂತ್ರದಲ್ಲಿ ಮುರಿದ ತುಂಡುಗಳು ಒಂದೇ ಅಂಕಿಯನ್ನು ಕೊಡುವುದಿಲ್ಲ. ಉದಾಹರಣೆಗಾಗಿ ಎರಡು ಗುಂಪುಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯ ಗುಂಪಿನ ಮೂರು ತುಂಡುಗಳು ೪೨, ೪೫, ೪೧ ಜೂಲ್ ತೋರಿಸಿದವು. ಎರಡನೆಯ ಗುಂಪಿನವು ೭೦, ೩೮, ೨೦ ಜೂಲ್ ತೋರಿಸಿದವು. ಎರಡರ ಮೊತ್ತವೂ ೧೨೮. ಎರಡರ ಸರಾಸರಿಯೂ ೪೨.೭ ರ ಸುಮಾರು. ಸರಾಸರಿಯನ್ನು ಮಾತ್ರ ನೋಡುವವನಿಗೆ ಎರಡು ಗುಂಪುಗಳೂ ಸಮಾನ. ಆದರೆ ಯಂತ್ರದಲ್ಲಿ ದುಡಿಯುವುದು ಸರಾಸರಿಯಲ್ಲ. ಪ್ರತಿಯೊಂದು ತುಂಡೂ ತನ್ನ ಪಾಲಿನ ಪೆಟ್ಟನ್ನು ತಾನೇ ತಾಳಬೇಕು. ೨೦ ಜೂಲಿಗೆ ಮುರಿಯುವ ಸುತ್ತಿಗೆಗೆ ೭೦ ಜೂಲ್ ತಾಳುವ ನೆರೆಯ ಸುತ್ತಿಗೆಯಿಂದ ಯಾವ ಸಹಾಯವೂ ದೊರೆಯದು.

ಇದೇ ತುಂಡುಗಳ ಗಡಸುತನವನ್ನು ಅಳೆದರೆ ಅಂಕಿಗಳು ಬಹುಮಟ್ಟಿಗೆ ಒಂದೇ ಆಗಿರಬಹುದು. ಹಾಗಾದರೆ ತಾಳಿಕೆಯ ಅಂಕಿಗಳು ಮಾತ್ರ ಹೀಗೇಕೆ ಚದುರುತ್ತವೆ? ಬಿರುಕು ಹುಟ್ಟುವುದು ಕಚ್ಚಿನ ತಳದಲ್ಲಿರುವ ಅತಿಚಿಕ್ಕ ಜಾಗದಲ್ಲಿ. ಆ ಚಿಕ್ಕ ಜಾಗದಲ್ಲಿ ಒಂದು ದುರ್ಬಲ ಬಿಂದು ಇದ್ದರೆ ಸಾಕು, ಉಳಿದ ಉಕ್ಕು ಎಷ್ಟೇ ಒಳ್ಳೆಯದಿದ್ದರೂ ತುಂಡು ಬೇಗ ಮುರಿಯುತ್ತದೆ. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯ ಬಲವಷ್ಟೇ ಎಂಬ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಈ ಚದುರುವಿಕೆಯ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಕಾರಣ ಉಕ್ಕಿನ ಹುಟ್ಟಿನಲ್ಲಿಯೇ ಇದೆ. ಕರಗಿದ ಉಕ್ಕು ಗಟ್ಟಿಯಾಗುವಾಗ ಅದರಲ್ಲಿಯ ಪದಾರ್ಥಗಳು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುವುದಿಲ್ಲ. ಗಂಧಕವು ಮ್ಯಾಂಗನೀಸಿನೊಡನೆ ಕೂಡಿ ಸಣ್ಣ ಸಣ್ಣ ಕಲ್ಮಷಗಳಾಗಿ ಉಳಿಯುತ್ತದೆ. ಉಕ್ಕನ್ನು ಉರುಳೆಗಳ ನಡುವೆ ಎಳೆದಾಗ ಈ ಕಲ್ಮಷಗಳೂ ಎಳೆಗಳಂತೆ ಉದ್ದವಾಗುತ್ತವೆ. ಕಬ್ಬನ್ನು ನಾರಿನ ಉದ್ದಕ್ಕೆ ಸೀಳುವುದು ಸುಲಭ, ಅಡ್ಡಲಾಗಿ ಕಡಿಯುವುದು ಕಷ್ಟ. ಉಕ್ಕಿಗೂ ಇಂತಹ ದಿಕ್ಕಿನ ಗುಣವಿದೆ. ಉರುಳಿಸಿದ ದಿಕ್ಕಿಗೆ ಉದ್ದವಾಗಿ ತೆಗೆದ ತುಂಡು ಹೆಚ್ಚು ತಾಳುತ್ತದೆ. ಅಡ್ಡವಾಗಿ ತೆಗೆದ ತುಂಡು ಕಡಿಮೆ ತಾಳುತ್ತದೆ.

ಎರಡನೆಯ ಕಾರಣ ಉಷ್ಣಸಂಸ್ಕಾರದ್ದು. ದೊಡ್ಡ ಕುಲುಮೆಯ ಬಾಗಿಲ ಬಳಿಯ ಕಾವೂ ಒಳಗಿನ ಕಾವೂ ಒಂದೇ ಇರಬೇಕೆಂದಿಲ್ಲ. ಕಾವು ಮಿತಿಮೀರಿದರೆ ಉಕ್ಕಿನ ಹರಳುಗಳು ದಪ್ಪವಾಗಿ ಬೆಳೆಯುತ್ತವೆ. ದಪ್ಪ ಹರಳಿನ ಉಕ್ಕು ಬಿರುಸಾಗುತ್ತದೆ. ಕುಲುಮೆಯಿಂದ ತೆಗೆದ ತುಂಡು ಎಣ್ಣೆಗೆ ಇಳಿಯುವಷ್ಟರಲ್ಲಿ ತಡವಾದರೆ, ಅಥವಾ ಒಂದರ ಮೇಲೊಂದು ತುಂಡು ಒಟ್ಟಿ ಎಣ್ಣೆಯೇ ಬಿಸಿಯಾಗಿಬಿಟ್ಟಿದ್ದರೆ, ತಣಿಯುವ ವೇಗ ಕುಂದುತ್ತದೆ. ದಪ್ಪನೆಯ ದಿಂಡಿನ ಮೇಲ್ಮೈ ಬೇಗ ತಣಿಯುತ್ತದೆ, ಒಡಲು ನಿಧಾನವಾಗಿ ತಣಿಯುತ್ತದೆ. ಆದುದರಿಂದ ಒಂದೇ ದಿಂಡಿನ ಅಂಚಿನಿಂದ ತೆಗೆದ ತುಂಡಿಗೂ ನಡುವಿನಿಂದ ತೆಗೆದ ತುಂಡಿಗೂ ತಾಳಿಕೆ ಬೇರೆ. ಎರಡನೆಯ ಕಾವಿನಲ್ಲಿ ಮತ್ತೊಂದು ಗುಪ್ತ ಅಪಾಯವಿದೆ. ನಿಕಲ್, ಕ್ರೋಮಿಯಂ ಬೆರೆತ ಕೆಲವು ಉಕ್ಕುಗಳು ಸುಮಾರು ೩೭೫ ರಿಂದ ೫೭೫ ಡಿಗ್ರಿಗಳ ನಡುವೆ ಬಹಳ ಹೊತ್ತು ಇದ್ದರೆ, ಇಲ್ಲವೇ ಆ ಹಂತವನ್ನು ನಿಧಾನವಾಗಿ ದಾಟಿ ತಣಿದರೆ, ರಂಜಕದಂತಹ ಪದಾರ್ಥಗಳು ಹರಳುಗಳ ಗಡಿಗಳಿಗೆ ಬಂದು ಸೇರುತ್ತವೆ. ಆಗ ಗಡಸುತನ ಬದಲಾಗದಿದ್ದರೂ ತಾಳಿಕೆ ಕುಸಿಯುತ್ತದೆ. ಗಡಸುತನವನ್ನು ಮಾತ್ರ ಅಳೆದು ತೃಪ್ತನಾಗುವವನ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ.

ಮೂರನೆಯದು ಪರೀಕ್ಷೆಯ ರೀತಿಗೆ ಸಂಬಂಧಿಸಿದ ಕಾರಣ. ಕಚ್ಚಿನ ತಳದ ದುಂಡು ೦.೨೫ ಮಿಲಿಮೀಟರ್ ತ್ರಿಜ್ಯದ್ದಾಗಿರಬೇಕು. ಕೊರೆಯುವ ಉಳಿ ಮೊಂಡಾಗಿ ಅಲ್ಲಿ ಗೀರು ಉಳಿದರೆ ಅಂಕಿ ಬದಲಾಗುತ್ತದೆ. ತುಂಡು ಆಧಾರದ ಮೇಲೆ ಸರಿಯಾಗಿ ನಡುವೆ ಕೂರದಿದ್ದರೆ, ಲೋಲಕದ ಕೀಲಿನಲ್ಲಿ ಘರ್ಷಣೆ ಹೆಚ್ಚಿದ್ದರೆ, ಉಕ್ಕು ನುಂಗದ ಶಕ್ತಿಯೂ ಅದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದುದರಿಂದಲೇ ತಾಳಿಕೆ ಮೊದಲೇ ಗೊತ್ತಿರುವ ತುಂಡುಗಳನ್ನು ಮುರಿದು, ಯಂತ್ರವನ್ನೇ ಆಗಾಗ ಪರೀಕ್ಷೆಗೆ ಒಳಪಡಿಸುತ್ತಾರೆ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ವಿಚಿತ್ರವಾದುದು. ಅದು ಉಕ್ಕಿನ ಸ್ವಭಾವವೇ ಆಗಿದೆ. ಬಿಸುಪಿನಲ್ಲಿ ಬಾಗಿ ಹಿಗ್ಗಿ ಮುರಿಯುವ ಉಕ್ಕು ಚಳಿಯಲ್ಲಿ ಗಾಜಿನಂತೆ ಸಿಡಿಯುತ್ತದೆ. ಈ ಎರಡು ಸ್ಥಿತಿಗಳ ನಡುವೆ ಒಂದು ಸಂಕ್ರಮಣ ಪ್ರದೇಶವಿದೆ. ಪರೀಕ್ಷೆಯ ಉಷ್ಣತೆ ಈ ಪ್ರದೇಶದೊಳಗೆ ಬಿದ್ದರೆ, ಒಂದೇ ಬಗೆಯ ತುಂಡುಗಳಲ್ಲಿ ಒಂದು ನಾರಿನಂತೆ ಹರಿದು ಮುರಿಯುತ್ತದೆ, ಪಕ್ಕದ್ದು ಸಿಡಿದು ಮುರಿಯುತ್ತದೆ. ಅಂಕಿಗಳು ಅತಿ ಹೆಚ್ಚು ಚದುರುವುದು ಇಲ್ಲಿಯೇ. ಇಲ್ಲಿ ಕೆಲಸಗಾರನ ತಪ್ಪೂ ಇಲ್ಲ, ಯಂತ್ರದ ತಪ್ಪೂ ಇಲ್ಲ. ಉಕ್ಕು ಎರಡು ಸ್ಥಿತಿಗಳ ಹೊಸ್ತಿಲಲ್ಲಿ ನಿಂತಿದೆಯೆಂದು ಆ ಅಂಕಿಗಳು ತಿಳಿಸುತ್ತಿವೆ.

ಈ ಎಚ್ಚರಿಕೆಯನ್ನು ಜಗತ್ತು ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಬೆಸುಗೆಯ ವಿಧಾನದಿಂದ ಸಾವಿರಾರು ಹಡಗುಗಳನ್ನು ಅವಸರವಾಗಿ ಕಟ್ಟಿತು. ೧೯೪೩ ರ ಜನವರಿ ೧೬ ರಂದು 'ಸ್ಕೆನೆಕ್ಟಡಿ' ಎಂಬ ಹೊಸ ತೈಲವಾಹಕ ಹಡಗು, ಬಿರುಗಾಳಿಯಿಲ್ಲದ ಬಂದರಿನ ನಿಶ್ಚಲ ನೀರಿನಲ್ಲಿ ನಿಂತಲ್ಲಿಯೇ, ಭಾರಿ ಸದ್ದಿನೊಡನೆ ನಡುವೆ ಬಿರಿಯಿತು. ಮೊದಲು ಎಲ್ಲರೂ ಬೆಸುಗೆಯನ್ನೇ ದೂರಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ ಇಂತಹ ಹಡಗುಗಳ ಉಕ್ಕನ್ನು ಪರೀಕ್ಷಿಸಿ, ಒಂದು ಮಟ್ಟಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಆ ಉಕ್ಕೇ ಬಿರುಸಾಗುತ್ತದೆಯೆಂದು ಆಕೆ ತೋರಿಸಿಕೊಟ್ಟಳು. ಆ ಬಳಿಕ ಉಕ್ಕನ್ನು ಕೊಳ್ಳುವಾಗ ಅದರ ಬಲದೊಡನೆ, ಯಾವ ಉಷ್ಣತೆಯಲ್ಲಿ ಎಷ್ಟು ತಾಳಬೇಕೆಂಬುದನ್ನೂ ಬರೆದು ಕೇಳುವ ಪದ್ಧತಿ ಬೆಳೆಯಿತು.

ಅಂಕಿಗಳು ಚದುರುವುದು ಸಹಜವೆಂದ ಮೇಲೆ ಅವುಗಳನ್ನು ಓದುವ ಬಗೆ ಯಾವುದು? ಒಂದೇ ತುಂಡನ್ನು ನಂಬದೆ ಮೂರನ್ನು ಮುರಿಯುವುದು ಮೊದಲನೆಯ ನಿಯಮ. ಅನೇಕ ಉಕ್ಕುಗಳ ನಿರ್ದಿಷ್ಟ ಮಾನಗಳಲ್ಲಿ ಇನ್ನೂ ಒಂದು ಕಟ್ಟುಪಾಡಿದೆ. ಮೂರರ ಸರಾಸರಿಯು ಗೊತ್ತುಪಡಿಸಿದ ಅಂಕಿಗಿಂತ ಕಡಿಮೆಯಿರಬಾರದು. ಒಂದು ತುಂಡು ಮಾತ್ರ ಅದಕ್ಕಿಂತ ಕಡಿಮೆಯಿರಬಹುದು. ಅದೂ ಆ ಅಂಕಿಯ ನೂರಕ್ಕೆ ೭೦ ಭಾಗಕ್ಕಿಂತ ಕೆಳಗಿಳಿಯಬಾರದು. ಗೊತ್ತುಪಡಿಸಿದ ಅಂಕಿ ೪೦ ಜೂಲ್ ಎಂದಾದರೆ ಅತಿ ಕಡಿಮೆಯ ಮಿತಿ ೨೮ ಜೂಲ್. ನಮ್ಮ ಉದಾಹರಣೆಯ ಮೊದಲ ಗುಂಪು ಇದರಲ್ಲಿ ತೇರ್ಗಡೆಯಾಗುತ್ತದೆ. ಎರಡನೆಯ ಗುಂಪಿನ ಸರಾಸರಿ ಸರಿಯಿದ್ದರೂ ಅದರಲ್ಲಿ ಎರಡು ತುಂಡುಗಳು ೪೦ ಕ್ಕಿಂತ ಕಡಿಮೆ, ಒಂದು ೨೮ ಕ್ಕಿಂತಲೂ ಕಡಿಮೆ. ಆದುದರಿಂದ ಅದು ತೇರ್ಗಡೆಯಾಗದು.

ಅಂಕಿಯೊಡನೆ ಮುರಿದ ಮುಖವನ್ನೂ ನೋಡಬೇಕು. ಮಂಕಾಗಿ ನಾರುನಾರಾಗಿ, ಬದಿಗಳು ಹಿಗ್ಗಿ ಮುರಿದಿದ್ದರೆ ಉಕ್ಕು ಶಕ್ತಿಯನ್ನು ಹೀರಿ ಮುರಿದಿದೆ. ಸಕ್ಕರೆಯ ಹರಳಿನಂತೆ ಮಿರಮಿರನೆ ಹೊಳೆಯುತ್ತಿದ್ದರೆ ಅದು ಬಿರುಸಾಗಿ ಸಿಡಿದಿದೆ. ೨೦ ಜೂಲಿನ ತುಂಡಿನ ಮುಖ ಹೊಳೆಯುತ್ತಿದ್ದರೆ, ಅದನ್ನು ಪಕ್ಕಕ್ಕೆ ಎಸೆದು ಹೊಸದೊಂದನ್ನು ಮುರಿದು ಒಳ್ಳೆಯ ಅಂಕಿ ಬರೆದುಕೊಳ್ಳುವ ಆಸೆ ಹುಟ್ಟುವುದು ಮನುಷ್ಯಸಹಜ. ಪರೀಕ್ಷಕನ ಪ್ರಾಮಾಣಿಕತೆಗೆ ಪರೀಕ್ಷೆ ಬರುವುದು ಆ ಕ್ಷಣದಲ್ಲಿಯೇ. ಕಾರಣ ತಿಳಿಯದೆ ತಳ್ಳಿಹಾಕಿದ ಅಂಕಿ ಕಾಗದದಿಂದ ಅಳಿಸಿಹೋಗಬಹುದು, ಉಕ್ಕಿನಿಂದ ಅಳಿಸಿಹೋಗದು. ಕಚ್ಚು ತಪ್ಪಾಗಿತ್ತೆಂದು ಅಳತೆಯಿಂದ ಸಿದ್ಧವಾದರೆ ಮಾತ್ರ ಅದನ್ನು ಬಿಡಬಹುದು. ಇಲ್ಲವಾದರೆ ಕುಲುಮೆಯ ಕಾವು, ಎಣ್ಣೆಯ ಬಿಸುಪು, ತುಂಡು ತೆಗೆದ ಜಾಗ, ಉರುಳಿಸಿದ ದಿಕ್ಕು ಇವುಗಳನ್ನೆಲ್ಲ ಮತ್ತೆ ವಿಚಾರಿಸಬೇಕು. ಕೆಟ್ಟ ಅಂಕಿಯೇ ಅನೇಕ ವೇಳೆ ಅತ್ಯಂತ ಉಪಯುಕ್ತವಾದ ಅಂಕಿ.

ಕಮ್ಮಾರನ ಕಣ್ಣಿಗೆ ಕಂಡ ಬಣ್ಣವೂ ಪ್ರಯೋಗಶಾಲೆಯ ಲೋಲಕ ತೋರಿಸಿದ ಜೂಲೂ ಹುಡುಕುವುದು ಒಂದನ್ನೇ. ಇಂದಿನ ಯಂತ್ರಗಳು ದೊಡ್ಡವು. ಅವುಗಳ ಮೇಲೆ ಬೀಳುವ ಹೊರೆಯೂ ದೊಡ್ಡದು. ಆದುದರಿಂದ ಹದವನ್ನು ಊಹೆಗೆ ಬಿಡದೆ ಅಳೆಯಬೇಕಾಗಿದೆ. ಅಳೆದ ಅಂಕಿಗಳನ್ನು ಸರಾಸರಿಯ ಹಿಂದೆ ಅಡಗಿಸದೆ ಬಿಡಿಬಿಡಿಯಾಗಿ ನೋಡಬೇಕಾಗಿದೆ. ಹಾಗೆ ನೋಡಿ ಆರಿಸಿದ ಉಕ್ಕು ಯಂತ್ರದೊಳಗೆ ಸದ್ದಿಲ್ಲದೆ ದುಡಿಯುತ್ತದೆ. ಹೊರಗೆ ಕಾದಿರುವ ಕಬ್ಬಿನ ಗಾಡಿ ಹೊತ್ತಿಗೆ ಸರಿಯಾಗಿ ಹೊರೆ ಇಳಿಸಿ ಊರಿಗೆ ಮರಳುತ್ತದೆ.

ಅಭ್ಯಾಸ

ಅ) ಪದಗಳ ಅರ್ಥ
ಹಂಗಾಮು - ಋತು, ಕೆಲಸದ ಕಾಲ
ಕುಲುಮೆ - ಲೋಹ ಕಾಯಿಸುವ ಒಲೆ
ಮೂಸೆ - ಲೋಹ ಕರಗಿಸುವ ಪಾತ್ರೆ
ಬಿರುಸು - ಇಲ್ಲಿ, ಬಾಗದೆ ಒಡೆಯುವ ಗುಣ
ಲೋಲಕ - ತೂಗಾಡುವ ಗುಂಡು
ಸಂಕ್ರಮಣ - ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದು

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ
೧. ಗಡಸುತನಕ್ಕೂ ತಾಳಿಕೆಗೂ ಇರುವ ವ್ಯತ್ಯಾಸವೇನು?
೨. ಕಮ್ಮಾರನು ಉಕ್ಕಿನ ಕಾವನ್ನು ಯಾವುದರಿಂದ ತಿಳಿಯುತ್ತಾನೆ?
೩. ಕಬ್ಬಿನ ನಾರಿನ ಹೋಲಿಕೆಯನ್ನು ಲೇಖಕರು ಏಕೆ ಕೊಟ್ಟಿದ್ದಾರೆ?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ
೧. ಉಷ್ಣಸಂಸ್ಕಾರದಲ್ಲಿ ಉಕ್ಕನ್ನು ಎರಡು ಬಾರಿ ಕಾಯಿಸುವುದೇಕೆ?
೨. 'ಯಂತ್ರದಲ್ಲಿ ದುಡಿಯುವುದು ಸರಾಸರಿಯಲ್ಲ' ಎಂಬ ಮಾತನ್ನು ವಿವರಿಸಿರಿ.
೩. ಕಡಿಮೆ ಬಂದ ಅಂಕಿಯನ್ನು ಪರೀಕ್ಷಕನು ಹೇಗೆ ವಿಚಾರಿಸಬೇಕು?

ಈ) ಲೆಕ್ಕ ಮಾಡಿರಿ
೨೦ ಕಿಲೋಗ್ರಾಂ ದ್ರವ್ಯರಾಶಿಯ ಸುತ್ತಿಗೆ ೧.೫ ಮೀಟರ್ ಎತ್ತರದಿಂದ ಬಿದ್ದು, ತುಂಡನ್ನು ಮುರಿದು ೧.೪ ಮೀಟರ್ ಏರಿತು. ತುಂಡು ಹೀರಿದ ಶಕ್ತಿ ಎಷ್ಟು? ಗೊತ್ತುಪಡಿಸಿದ ಅಂಕಿ ೪೦ ಜೂಲ್ ಆದರೆ ಈ ತುಂಡಿನ ವಿಷಯದಲ್ಲಿ ನಿಮ್ಮ ತೀರ್ಮಾನವೇನು?